ಬಲಗಡೆಯ ರೆಕ್ಕೆ

ತೆಲಿಗಿ, ಹರಪನಹಳ್ಳಿ ತಾಲ್ಲೂಕು
೧೧ ಮಾರ್ಚ್ ೧೯೮೪

ಪ್ರೀತಿಯ ಓಬಣ್ಣಾ, ಜೈ ಭೀಮ್.

ನಿನ್ನ ಮೊಣಕಾಲಿನ ಬಾವು ಇಳಿಯಿತೇ? ಗುಂತಕಲ್ಲಿನ ಬಿಸಿಲಲ್ಲಿ ದಿನವಿಡೀ ಹಳಿಯ ಮೇಲೆ ನಡೆಯುವವನಿಗೆ ಡಾಕ್ಟರು ವಿಶ್ರಾಂತಿಯ ಚೀಟಿ ಬರೆದುಕೊಟ್ಟರಂತೆ. ಆ ಚೀಟಿಯನ್ನು ನಿಮ್ಮ ಮೇಸ್ತ್ರಿ ಓದಿದನೋ, ಕಿವಿ ಕೆರೆದುಕೊಂಡು ಬಿಸಾಕಿದನೋ ಬರೆ. ಅತ್ತಿಗೆ, ಕೂಸು ಆರಾಮ ಇದ್ದಾರೆಂದು ತಿಳಿದಿದ್ದೇನೆ. ಅವ್ವ ಗಟ್ಟಿ ಇದ್ದಾಳೆ. ಕಣ್ಣಿನ ಪೊರೆ ಇನ್ನೂ ಬಲಿತಿಲ್ಲವಂತೆ. ಆ ಕಣ್ಣಲ್ಲೂ ನಾನು ತಟ್ಟೆಯಲ್ಲಿ ರೊಟ್ಟಿ ಬಿಟ್ಟಿದ್ದು ಮಾತ್ರ ಅವಳಿಗೆ ಚೆನ್ನಾಗಿ ಕಾಣುತ್ತದೆ. "ಯೂನಿವರ್ಸಿಟಿಯಾಗ ಏನ್ ತಿಂತಿದ್ದೆಪ್ಪ, ಹುಳಾನ?" ಎಂದು ಕೇಳಿದಳು.

ನೀನು ಬರೆಸಿ ಕಳಿಸಿದ ಬೋರ್ಡು ಬಂದು ಮುಟ್ಟಿತು. 'ಡಾ. ದುರುಗಪ್ಪ, ತೆಲಿಗಿ.' ಹೆಸರಿನ ಪಕ್ಕದಲ್ಲಿ ನಿಮ್ಮೂರ ಪೇಂಟರ್ ಎದೆ ಬಡಿತ ನೋಡುವ ಕೊಳವೆಯ ಚಿತ್ರವನ್ನೂ ಬಿಡಿಸಿದ್ದಾನೆ! ನಾನು ಆಗುವ ಡಾಕ್ಟರು ಅಂಥವನಲ್ಲವೆಂದು ನಿನಗೆ ಎಷ್ಟು ಸಲ ಹೇಳಿದ್ದೆ ಅಣ್ಣಾ. ನಾನು ಬರುವ ಮೊದಲೇ ಅವ್ವ ಅದನ್ನು ಬಾಗಿಲ ಮೇಲೆ ಹೊಡೆಸಿಬಿಟ್ಟಿದ್ದಾಳೆ. ಹುಟ್ಟಿದಾಗಿನಿಂದ ನಮ್ಮ ಕೇರಿಗೆ ಕಾಲಿಡದ ಗುರುಸಂಗಪ್ಪಗೌಡರು ರಸ್ತೆಯಲ್ಲೇ ನಿಂತು ಅದನ್ನು ಓದಿ, "ಏನಲೇ ದುರುಗ, ಸೂಜಿ ಮಾಡ್ತೀಯೋ, ಬರೇ ಗುಳಿಗಿನೋ?" ಎಂದು ನಕ್ಕರು. ಮುಟ್ಟಿ ನಾಡಿ ನೋಡಬೇಕಾಗುತ್ತದೆ, ಬರ್ತೀರೇನು ಎಂದೆ. ನಗು ನಿಂತಿತು.

ಈಗ ನನ್ನ ಸಂಕಟ ಹೇಳುತ್ತೇನೆ. ಸಾವಧಾನವಾಗಿ ಓದು. ಮಳೆಗಾಲದಲ್ಲಿ ಲಾಟೀನಿಗೆ ಬರುವ ಹಸಿರು ಮೈಯ, ಬಲೆಯಂಥ ರೆಕ್ಕೆಯ, ಮುಟ್ಟಿದರೆ ಬೆರಳು ನಾರುವ ಹುಳ ನಿನಗೆ ಗೊತ್ತು. ಅದಕ್ಕೆ ಲೇಸ್‌ವಿಂಗ್ ಎನ್ನುತ್ತಾರೆ. ಅಂಥದೊಂದು ಹುಳ ಕೋಟ್ಯಂತರ ವರ್ಷದ ಹಿಂದೆ ಕೆಸರಿನಲ್ಲಿ ಸಿಕ್ಕಿ ಕಲ್ಲಾಗಿದೆ. ಹೊರದೇಶದ ಮ್ಯೂಸಿಯಂನಿಂದ ಎರವಲು ಬಂದ ಆ ಕಲ್ಲೇ ನನ್ನ ಸಂಶೋಧನೆ. ಒಂದು ಹನಿ ಸ್ಪಿರಿಟ್ ಬಿಟ್ಟರೆ ಸಾಕು, ಮಬ್ಬುಗಲ್ಲಿನ ಮೇಲೆ ರೆಕ್ಕೆಯ ನರಗಳು ಹೊಲದ ಬದುಗಳಂತೆ ಎದ್ದು ಬರುತ್ತವೆ. ಹನಿ ಆರುವಷ್ಟರಲ್ಲಿ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆಯಬೇಕು. ಅಂಚಿನ ಉದ್ದಕ್ಕೂ ಏಣಿಯ ಮೆಟ್ಟಿಲಿನಂಥ ಅಡ್ಡನರಗಳು. ತುದಿಯ ಕಡೆ ಅಂಥವೇ ಇನ್ನೆರಡು ಸಾಲು. ನಡುವೆ ಅಂಕುಡೊಂಕಾಗಿ ಓಡುವ ಒಂದು ನರ. ನೋಡಿದರೆ ಒಂದೇ ನರ. ಆದರೆ ಬೇರೆ ಬೇರೆ ಕವಲುಗಳು ತಮ್ಮ ತಮ್ಮ ತುಂಡು ಕೊಟ್ಟು ಅದನ್ನು ಕಟ್ಟಿವೆ. ಪುಸ್ತಕದವರು ಅದಕ್ಕೆ ಸುಳ್ಳು ನರ ಎಂದು ಹೆಸರಿಟ್ಟಿದ್ದಾರೆ. ನನ್ನನ್ನು ಕೇಳಿದ್ದರೆ ಸಂಘ ಎಂದು ಇಡುತ್ತಿದ್ದೆ. ಆ ನರದ ಬುಡದಲ್ಲಿ ಒಂದು ಚಿಕ್ಕ ಕೋಣೆಯಿದೆ. ಇವತ್ತಿನ ಹುಳದಲ್ಲಿ ಅದು ಮೂರು ಮೂಲೆಯದು, ಈ ಕಲ್ಲಿನಲ್ಲಿ ಉದ್ದಕ್ಕೆ ಎಳೆದಂತಿದೆ. ಅಂಥ ಕೋಣೆ, ಅಂಥ ಮೆಟ್ಟಿಲು ಒಟ್ಟಿಗೆ ಬೇರೆಲ್ಲೂ ಕಂಡಿಲ್ಲ. ಹೊಸ ಪ್ರಭೇದ ಎನ್ನಲು ಅಷ್ಟು ಸಾಕು. ನನ್ನ ಡಾಕ್ಟರಿಕೆಗೂ ಸಾಕಿತ್ತು.

ನಮ್ಮ ಗೈಡಿಗೆ ಸಾಲಲಿಲ್ಲ. ಈ ಹುಳಕ್ಕೆ ಕಿವಿ ಇರುವುದು ರೆಕ್ಕೆಯಲ್ಲಿ. ಮುಂದಿನ ರೆಕ್ಕೆಯ ಬುಡದಲ್ಲಿ ದಪ್ಪ ನರವೊಂದು ಜೋಳದ ಕಾಳಿನಂತೆ ಉಬ್ಬಿ, ಕೆಳಗಡೆ ಬಾರಿಸುವ ಹಲಗೆಗೆ ಬಿಗಿದ ಚರ್ಮದಂಥ ತೆಳು ಪೊರೆ ಇರುತ್ತದೆ. ಬಾವಲಿ ಬೇಟೆಗೆ ಬರುವಾಗ ಹಾಕುವ ಕೂಗು ನಮಗೆ ಕೇಳದು. ಹುಳಕ್ಕೆ ಅಲ್ಲಿ ಕೇಳುತ್ತದೆ. ಕೇಳಿದ ಕೂಡಲೇ ರೆಕ್ಕೆ ಮಡಚಿ ನೆಲಕ್ಕೆ ಬಿದ್ದು ಜೀವ ಉಳಿಸಿಕೊಳ್ಳುತ್ತದೆ. ನಮ್ಮ ಕಲ್ಲು ಬಾವಲಿ ಹುಟ್ಟುವುದಕ್ಕೂ ಮೊದಲಿನದು. ವೈರಿಯೇ ಇಲ್ಲದ ಕಾಲದಲ್ಲೂ ಕಿವಿ ಇತ್ತು ಎಂದು ತೋರಿಸಿದರೆ ಗೈಡಿನ ಹೆಸರು ಲಂಡನ್ನಿನವರೆಗೆ ಹೋಗುತ್ತದೆ. ಎಡಗಡೆಯ ರೆಕ್ಕೆಯ ಬುಡದಲ್ಲಿ ಒಂದು ಉಬ್ಬು ಇರುವುದು ನಿಜ. ಆದರೆ ಬಲಗಡೆಯ ರೆಕ್ಕೆಯೂ ಅದೇ ಕಲ್ಲಿನಲ್ಲಿದೆ. ಅದರ ಬುಡ ಒಂದು ಚೂರೂ ಮುಕ್ಕಾಗಿಲ್ಲ. ನರ ಸಮನಾಗಿ ಓಡಿದೆ, ಉಬ್ಬಿಲ್ಲ. ಒಂದೇ ಹುಳ ಎಡಕ್ಕೆ ಕಿವಿ ಇಟ್ಟುಕೊಂಡು ಬಲಕ್ಕೆ ಕಿವುಡಾಗಿ ಹುಟ್ಟೀತೇ? ಎಡಗಡೆಯದು ಮರಳಿನ ಕಾಳು ಅಣ್ಣಾ. ನಾನು ಎರಡೂ ರೆಕ್ಕೆಯ ಚಿತ್ರ ಬರೆದು ಅವರ ಮೇಜಿನ ಮೇಲಿಟ್ಟೆ. ಬಲಗಡೆಯದನ್ನು ಎತ್ತಿ ನನ್ನ ಕೈಗೇ ಕೊಟ್ಟರು. "ಇದು ಒತ್ತಡಕ್ಕೆ ಚಪ್ಪಟೆ ಆಗಿರಬೇಕು, ಬಿಡು. ಪುಟದಲ್ಲಿ ಜಾಗ ಇಲ್ಲ" ಎಂದರು.

ಜಾಗ ಇಲ್ಲ! ಹೋಟೆಲಿನ ಬೆಂಚಿನ ಮೇಲೆ, ಬಾವಿಯ ಕಟ್ಟೆಯ ಮೇಲೆ, ಗುಡಿಯ ಪೌಳಿಯಲ್ಲಿ ಕೇಳಿ ಕೇಳಿ ಬೆಳೆದ ಮಾತು. ಒಂದು ಬೆರಳಗಲದ ಚಿತ್ರಕ್ಕೂ ಅದನ್ನೇ ಕೇಳುತ್ತೇನೆಂದು ತಿಳಿದಿರಲಿಲ್ಲ. ನಾನು ಎದುರಾಡಿದೆ. "ನಿಮ್ಮೋರು ಇಲ್ಲೀತನಕ ಬಂದಿದ್ದೇ ದೊಡ್ಡದು. ಈಗ ನನಗೇ ಪಾಠನಾ?" ಎಂದರು. ಕಿವಿ ಇದೆ ಎಂದು ವಿಜ್ಞಾನದ ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ ಅವರ ಹೆಸರಿನ ಜೊತೆ ನನ್ನ ಹೆಸರೂ ಇದೆ. ತಿಂಗಳ ಕೊನೆಯೊಳಗೆ ಸಹಿ ಹಾಕಬೇಕು. ಹಾಕದಿದ್ದರೆ ನನ್ನ ಥೀಸಿಸ್ ಅವರ ಬೀರುವಿನಿಂದ ಹೊರಗೆ ಬರುವುದಿಲ್ಲ.

ಹರಪನಹಳ್ಳಿಯಲ್ಲಿ ನಮ್ಮ ಸಂಘದ ಯರ್ರೆಪ್ಪನಿಗೆ ಎಲ್ಲ ಹೇಳಿದೆ. ಅವನು ತಲೆ ಚಚ್ಚಿಕೊಂಡ. "ಕೋಟಿ ವರ್ಷದ ಹಿಂದ ಸತ್ತ ಹುಳದ ಕಿವಿಗೆ ನಮಗಿರಾ ಒಬ್ಬ ಡಾಕ್ಟ್ರನ್ನ ಕಳಕೊಳ್ಳಾದೇನಲೇ? ಕಿವಿ ಇದ್ರೂ ಅದು ಸತ್ತೈತಿ, ಇಲ್ಲದಿದ್ರೂ ಸತ್ತೈತಿ! ನೀ ಬಾಯಿ ಬಿಟ್ರ ಪೇಪರ್‌ನಾಗ ಏನ್ ಬರತೈತಿ ಗೊತ್ತೇನು? ರಿಸರ್ವೇಶನ್ ಹುಡುಗನ ಸಂಶೋಧನೆ ಬೋಗಸ್ ಅಂತ. ಗೈಡಿನ ಹೆಸರು ಒಬ್ಬ ಸೂಳೆಮಗನೂ ತಗಿಯಂಗಿಲ್ಲ." ಅವನ ಮಾತು ಸುಳ್ಳಲ್ಲ. ನನ್ನ ನಿದ್ದೆ ಕೆಡಿಸಿರುವುದೂ ಇದೇ. ನಾನು ಸೋತರೆ ನಾನೊಬ್ಬನೇ ಸೋಲುವುದಿಲ್ಲ. ನನ್ನ ಹಿಂದೆ ಅರ್ಜಿ ಹಿಡಿದು ನಿಂತ ನಮ್ಮ ಮಕ್ಕಳ ಮುಖಕ್ಕೂ ಬಾಗಿಲು ಹಾಕುತ್ತಾರೆ. ಮೇಲಿನವನು ತಪ್ಪಿದರೆ ಅವನೊಬ್ಬನ ತಪ್ಪು, ನಾವು ತಪ್ಪಿದರೆ ಇಡೀ ಕೇರಿಯ ತಪ್ಪು.

ಆದರೂ ಸಹಿಗೆ ಕೈ ಏಳುತ್ತಿಲ್ಲ. ವೈರಿ ಇಲ್ಲದೆಯೂ ಹೆದರಿಕೆಯ ಕಿವಿ ಹುಟ್ಟಿನಿಂದಲೇ ಇತ್ತು ಎಂಬ ಮಾತು ಕೇಳಿದರೆ ಮೈ ಉರಿಯುತ್ತದೆ. ನಮ್ಮ ಅಪ್ಪನ ಬಗ್ಗಿದ ಬೆನ್ನನ್ನೂ ಹೀಗೇ ಹುಟ್ಟುಗುಣ ಎಂದರಲ್ಲ! ಹೊಡೆದ ಕೈಯನ್ನು ಚಿತ್ರದಿಂದ ಅಳಿಸಿ ಬೆನ್ನನ್ನಷ್ಟೇ ಬರೆದರಲ್ಲ! ಆದರೆ ನನ್ನ ಈ ಸಿಟ್ಟನ್ನು ಕಲ್ಲಿನ ಮೇಲೆ ಹೇರಬಾರದೆಂದೂ ಗೊತ್ತು. ಉಬ್ಬು ಎರಡೂ ಕಡೆ ಇದ್ದಿದ್ದರೆ ಹಲ್ಲು ಕಚ್ಚಿಕೊಂಡು ಇದೆ ಎಂದೇ ಬರೆಯುತ್ತಿದ್ದೆ. ಇಲ್ಲ. ಅಷ್ಟೇ. ಇಷ್ಟು ಕಾಲ ನಮ್ಮ ಬಗ್ಗೆ ಇಲ್ಲದ್ದನ್ನು ಬರೆದವರ ಸಾಲಿಗೆ ನಾನು ಹೇಗೆ ಹೋಗಿ ಸೇರಲಿ?

ಕಳೆದ ಉಗಾದಿಗೆ ಬಂದಾಗ ನೀನು ಹೇಳಿದ್ದು ಮರೆತಿಲ್ಲ. "ನಾ ಹಳಿ ಬಡೀತೀನಿ, ನೀ ಓದು. ಮೊದ್ಲು ಡಾಕ್ಟ್ರಾಗಿ ಬಾ, ಆಮ್ಯಾಲ ಯಾರ ಕೂಡ ಬೇಕಾದ್ರ ಜಗಳ ಆಡು." ನೀನು ಏಳನೇತ್ತೆಗೆ ಶಾಲೆ ಬಿಟ್ಟು ನನ್ನನ್ನು ಓದಿಸಿದವನು. ನನ್ನ ಹೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ನಿನ್ನದೇ. ಅದಕ್ಕೇ ಕೇಳುತ್ತಿದ್ದೇನೆ. ಬಿರುಕು ಕಂಡ ಹಳಿಯ ಮೇಲೆ ನೀನು ಗಾಡಿ ಬಿಡುತ್ತೀಯಾ? ಹಳಿ ಮುರಿದರೆ ಜನ ಸಾಯುತ್ತಾರೆ, ಹುಳದ ಕಿವಿಯಿಂದ ಯಾರು ಸಾಯುತ್ತಾರೆ ಎನ್ನಬಹುದು. ಹಾಗಾದರೆ ಹಾಗೇ ಅನ್ನು. ಎರಡು ಸಾಲು ಬರೆ. ಬರುವವರೆಗೆ ಕಾಯುತ್ತೇನೆ.

ಅತ್ತಿಗೆಗೆ ನಮಸ್ಕಾರ, ಕೂಸಿನ ಕೆನ್ನೆಗೆ ಮುತ್ತು. ಬಿಸಿಲಲ್ಲಿ ತಲೆಗೆ ಟವಲು ಸುತ್ತಿಕೊಂಡೇ ಕೆಲಸಕ್ಕೆ ಹೋಗು.

ನಿನ್ನ ತಮ್ಮ,
ದುರುಗಪ್ಪ

ತಾ.ಕ.: ಕಾಯುತ್ತೇನೆಂದು ಬರೆದದ್ದು ನಿನ್ನೆ. ಕಾಯಲಿಲ್ಲ ಅಣ್ಣಾ. ಇವತ್ತು ಮೊದಲ ಬಸ್ಸಿಗೆ ಹರಪನಹಳ್ಳಿಗೆ ಹೋಗಿ, ಬಲಗಡೆಯ ರೆಕ್ಕೆಯ ಚಿತ್ರವನ್ನು ಆ ಪತ್ರಿಕೆಯ ಸಂಪಾದಕರಿಗೆ ರಿಜಿಸ್ಟರ್ ಮಾಡಿ ಕಳಿಸಿದೆ. ಕಿವಿ ಇದೆ ಎಂದು ಅಚ್ಚು ಹಾಕುವುದಾದರೆ ನನ್ನ ಹೆಸರು ತೆಗೆಯಿರಿ ಎಂದು ಬರೆದೆ. ಗೈಡಿಗೂ ನಕಲು ಹೋಯಿತು. ಇನ್ನು ಅಲ್ಲಿ ನನಗೆ ಬಾಗಿಲು ತೆರೆಯುವುದಿಲ್ಲ. ಬಂದು ಅವ್ವನಿಗೆ ಹೇಳಿದೆ. ಮುಂದಿದ್ದ ರೊಟ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಓಬಣ್ಣಗ ಕೇಳೀಯೇನೋ?" ಎಂದಳು. "ಕೇಳೀನವ್ವ, ಹೂಂ ಅಂದಾನ" ಎಂದುಬಿಟ್ಟೆ. ಆಮೇಲೆಯೇ ಅವಳು ತಟ್ಟೆಗೆ ಕೈ ಇಟ್ಟಿದ್ದು. ಉಗಾದಿಗೆ ಬಂದಾಗ ನನಗೆ ಹೊಡೆ, ಬಾಯಿಗೆ ಬಂದಂತೆ ಬೈ. ಅವಳು ಕೇಳಿದರೆ ಮಾತ್ರ, ಹೂಂ ಅಂದಿದ್ದೆ ಅನ್ನು.