ಓಲೆ, ಬಳೆ ಮತ್ತು ದಮ್ಮಿನ ಪಂಪು

ಬೆಳಗಾವಿ ನಗರದ ಹೆರಿಗೆ ಆಸ್ಪತ್ರೆಯೊಂದರ ಆಡಳಿತಾಧಿಕಾರಿಗಳಿಗೆ

ಮಾನ್ಯರೇ,

ಬರುವ ಸೋಮವಾರ ನನ್ನ ತಂಗಿ ಅಲಿಶಾ ಸಿಜೇರಿಯನ್ನಿಗೆ ನಿಮ್ಮಲ್ಲಿಗೆ ಬರುತ್ತಿದ್ದಾಳೆ. ನನ್ನ ಹಾಗೆ ಅವಳಿಗೂ ದಮ್ಮಿನ ಕಾಯಿಲೆ. ಅವಳ ಪಂಪನ್ನು, ಅಂದರೆ ಇನ್ಹೇಲರನ್ನು, ಓಲೆ ಬಳೆಗಳ ಜೊತೆ ಗಂಟು ಕಟ್ಟಿಸಿ ಹೊರಗೆ ಕಳಿಸಬೇಡಿ. ನನ್ನ ಅಹವಾಲು ಇಷ್ಟೇ. ಇಷ್ಟಕ್ಕೆ ಪತ್ರಿಕೆಯ ಜಾಗ ಏಕೆ ಬೇಕಾಯಿತು ಎನ್ನುವಿರಾ? ತಮ್ಮ ಕಚೇರಿಗೆ ಮೂರು ಸಲ ಬರೆದು ಸಾಕಾಯಿತು.

ಕಳೆದ ವರ್ಷ ನಾನು ಬಸುರಿಯಾದಾಗ ನಂದಗಡದಲ್ಲಿ ನನಗೆ ಬುದ್ಧಿ ಹೇಳದವರಿಲ್ಲ. ಪಂಪಿನ ಔಷಧಿ ಕೂಸಿಗೆ ತಾಗುತ್ತದೆಂದು ಯಾರೋ ಹೇಳಿದ್ದನ್ನು ನಂಬಿ ಅದನ್ನು ಕಪಾಟಿಗೆ ಸೇರಿಸಿದೆ. ಮಕ್ಕಳಿಗೆ ವಿಜ್ಞಾನ ಕಲಿಸಿ ಸಂಬಳ ಪಡೆಯುವವಳು ನಾನು, ಪೆದ್ದುತನ ನಿಮ್ಮೊಬ್ಬರ ಸೊತ್ತಲ್ಲ. ಒಂದು ದಿನ ಪಾಠದ ನಡುವೆಯೇ ಉಸಿರು ಸಿಗದೆ ಕುಸಿದು ಕೂತೆ. ಆಶಾ ಕಾರ್ಯಕರ್ತೆ ಭೀಮಕ್ಕ ನನ್ನನ್ನು ಖಾನಾಪುರದ ಡಾಕ್ಟರ ಬಳಿಗೆ ಎಳೆದುಕೊಂಡು ಹೋದರು, ದಾರಿಯುದ್ದಕ್ಕೂ ಬೈದರು. “ಟೀಚರ್ ಆಗಿ ಇಷ್ಟೂ ತಿಳ್ಯಾಂಗಿಲ್ಲೇನ್ರಿ? ನಿಮಗ ಉಸಿರಿಲ್ಲಂದ್ರ ಹೊಟ್ಟ್ಯಾಗಿನ ಕೂಸಿಗೆ ಯಾರು ಕೊಡವ್ರು?” ಡಾಕ್ಟರು ಹೇಳಿದ್ದೂ ಅದನ್ನೇ. ದಿನದ ಪಂಪನ್ನು ಬಸುರಿನಲ್ಲಾಗಲಿ ಹಾಲುಣಿಸುವಾಗಾಗಲಿ ಬಿಡಬೇಡಿ, ದಮ್ಮು ಕೆರಳಿದರೆ ಕೂಸಿಗೆ ಅಪಾಯ ಹೆಚ್ಚು, ತುರ್ತಿನ ಪಂಪಂತೂ ಸದಾ ಕೈಗೆಟಕುವಂತಿರಲಿ ಎಂದರು. ಅಂದಿನಿಂದ ಹೆರಿಗೆಯ ದಿನದವರೆಗೂ ಅದು ನನ್ನ ಕೈಬಿಡಲಿಲ್ಲ.

ಕೈಬಿಡಿಸಿದ್ದು ತಾವು. ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಮ್ಮ ನರ್ಸು ಒಂದು ಪಟ್ಟಿ ಹಿಡಿದು ನಿಂತಿದ್ದರು. “ಕೈಯಾಗಿಂದು, ಕಿವ್ಯಾಗಿಂದು ಎಲ್ಲಾ ತಗದು ಮನಿಯವ್ರ ಕೈಯಾಗ ಕೊಡ್ರಿ.”

“ಸಿಸ್ಟರ್, ಇದು ದಮ್ಮಿನ ಪಂಪ್ ರೀ.”

“ಅದೂ ಸಾಮಾನ ಅಲ್ಲೇನ್ರಿ? ಕೊಡ್ರಿ.”

ನನ್ನ ತಾಯಿ ಕರೀಮುನ್ನಿಸಾ ಎಲ್ಲವನ್ನೂ ಒಂದೇ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡರು. ಆಪರೇಷನ್ ಮೇಜಿನ ಬಳಿ ಡಾಕ್ಟರಿರುತ್ತಾರೆ, ಒಪ್ಪೋಣ. ಆಮೇಲೆ ವಾರ್ಡಿನಲ್ಲಿ? ಮಗಳು ಹುಟ್ಟಿ ಇನ್ನೂ ಒಂದು ತಾಸಾಗಿರಲಿಲ್ಲ, ಸೊಂಟದ ಕೆಳಗೆ ಜೀವವೇ ಇರಲಿಲ್ಲ, ನೆಲಕ್ಕೆ ಫಿನಾಯಿಲ್ ಬಿತ್ತು. ವಾಸನೆಗೆ ಎದೆ ಬಿಗಿದು ಕೆಮ್ಮು ಶುರುವಾಯಿತು. ಒಂದೊಂದು ಕೆಮ್ಮಿಗೂ ಹೊಲಿಗೆ ಹರಿದೀತೆಂಬ ಭಯ. ಪಂಪು ಕೇಳಿದರೆ ಅದು ಹೆರಿಗೆ ವಾರ್ಡಿನ ಪಟ್ಟಿಯಲ್ಲಿಲ್ಲ, ಎದೆ ವಿಭಾಗದಿಂದ ತರಿಸಬೇಕು, ತರಿಸಲು ಡಾಕ್ಟರ ಸಹಿ ಬೇಕು, ಡಾಕ್ಟರು ಇನ್ನೊಂದು ಆಪರೇಷನ್ನಿನಲ್ಲಿದ್ದಾರೆ. ಎಂಥ ಅಚ್ಚುಕಟ್ಟು! ಇಪ್ಪತ್ತು ಹೆಜ್ಜೆ ಆಚೆ ವಾರ್ಡಿನ ಬಾಗಿಲಲ್ಲಿ, ನನ್ನ ಕೆಮ್ಮು ಕೇಳಿದ ತಾಯಿ ಆ ಗಂಟು ಹಿಡಿದು ಕಾವಲುಗಾರನ ಮುಂದೆ ಅಳುತ್ತಿದ್ದರು. “ಯಪ್ಪಾ, ಬಂಗಾರ ನೀನಽ ಇಟ್ಕೋ. ಇದೊಂದು ಒಳಗ ಕೊಡೋ.”

“ಸಾಮಾನ ಒಳಗ ಬಿಡೂದಿಲ್ರಿ ಅಮ್ಮಾ. ನಾಕಕ್ಕ ಭೇಟಿ ಟೈಮ್ ಐತಿ, ಆವಾಗ ಬರ್ರಿ.”

ಪಕ್ಕದ ಹಾಸಿಗೆಯ ಬಾಣಂತಿ ತನ್ನ ದಿಂಬು ಕೊಟ್ಟು ಹೊಲಿಗೆಗೆ ಒತ್ತಿ ಹಿಡಿದುಕೋ ಎಂದಳು. ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಹೊರಗೆ ಹೋಗಿ ಪಂಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಂದುಕೊಟ್ಟಳು. ಅವಳ ಹೆಸರು ಬರೆಯುವುದಿಲ್ಲ, ಬರೆದರೆ ತಾವು ನೋಟಿಸು ಕೊಡುತ್ತೀರಿ. ಅದು ಕೈಸೇರುವವರೆಗಿನ ನಲವತ್ತು ನಿಮಿಷ ನಾನು ಮಗಳ ಮುಖವನ್ನು ಕೊನೆಯ ಸಲ ನೋಡುತ್ತಿದ್ದೇನೆಂದೇ ತಿಳಿದಿದ್ದೆ. ಇದನ್ನು ನಗುತ್ತಾ ಬರೆಯಲು ನನಗೆ ಬರುವುದಿಲ್ಲ.

ನನ್ನ ದೂರಿಗೆ ತಾವು ಕಳಿಸಿದ ಉತ್ತರವನ್ನು ಮಾತ್ರ ಮನೆಗೆ ಬಂದವರಿಗೆಲ್ಲ ಓದಿ ನಗಿಸುತ್ತೇನೆ: “ತಮ್ಮ ಎಲ್ಲ ವಸ್ತುಗಳೂ ಸುರಕ್ಷಿತವಾಗಿ ಸಂಬಂಧಿಕರ ವಶದಲ್ಲಿದ್ದುದು ದೃಢಪಟ್ಟಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.” ಪಂಪು ಸುರಕ್ಷಿತವಾಗಿತ್ತು ಸ್ವಾಮೀ, ಉಸಿರು ಇರಲಿಲ್ಲ. ಅದರ ಕಾಲಂ ನಿಮ್ಮ ಪಟ್ಟಿಯಲ್ಲಿಲ್ಲವೇ?

ಪದ್ಧತಿ ಬದಲಿಸುವುದು ಅಷ್ಟು ಕಷ್ಟವೇ? ವಡಗಾವಿಯ ನನ್ನ ತವರುಮನೆಯಲ್ಲಿ ಬಾಣಂತಿಗೂ ಕೂಸಿಗೂ ನಲವತ್ತು ದಿನ ಲೋಬಾನದ ಹೊಗೆ ಹಾಕುತ್ತಾರೆ. ತಾಯಿಗೆ ಅವರ ತಾಯಿ ಹಾಕಿದ್ದರು, ಅವರಿಗೆ ಅವರ ತಾಯಿ. ಮೊದಲ ದಿನ ಹೊಗೆಗೆ ನಾನು ಎರಡು ಸಲ ಕೆಮ್ಮಿದೆ. ನನ್ನ ತಾಯಿ ಕೆಂಡದ ಬಟ್ಟಲನ್ನು ಅಂಗಳಕ್ಕೊಯ್ದು ನೀರು ಸುರಿದು ಬಂದರು. ಅರವತ್ತೈದರ ಹೆಂಗಸು, ಶಾಲೆಯ ಮುಖ ಕಂಡವರಲ್ಲ. ಸುತ್ತೋಲೆ, ಸಮಿತಿ, ಮೇಲಧಿಕಾರಿಯ ಒಪ್ಪಿಗೆ ಯಾವುದೂ ಅವರಿಗೆ ಬೇಕಾಗಲಿಲ್ಲ.

ಆದ್ದರಿಂದ ಬೇಡಿಕೆ. ಶನಿವಾರದೊಳಗೆ ತಮ್ಮ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿ: ದಮ್ಮಿನ ಪಂಪು ರೋಗಿಯ ಜೊತೆಗೇ ವಾರ್ಡಿಗೆ ಹೋಗತಕ್ಕದ್ದು. ಅಷ್ಟು ಬರೆಯಲು ಪುರುಸೊತ್ತಿಲ್ಲವಾದರೆ ಸೋಮವಾರ ಬೆಳಿಗ್ಗೆ ಏಳಕ್ಕೆ ತಾವೇ ಆಪರೇಷನ್ ಕೋಣೆಯ ಬಾಗಿಲಿಗೆ ಬನ್ನಿ. ಅಲಿಶಾಳ ಕೈಯಿಂದ ಪಂಪನ್ನು ತಾವೇ ಕಿತ್ತುಕೊಳ್ಳಿ. ಸಂಜೆ ನಾಲ್ಕರವರೆಗೆ ಈ ಹೆಣ್ಣುಮಗಳಿಗೆ ಉಸಿರಿನ ಅಗತ್ಯವಿಲ್ಲ ಎಂದು ಬರೆದು, ಕೆಳಗೆ ಸಹಿ ಹಾಕಿ, ನಮ್ಮ ತಾಯಿಯ ಕೈಗೆ ಕೊಡಿ.

ಇಂತಿ,
ಇನ್ನೂ ಉಸಿರಾಡುತ್ತಿರುವುದಕ್ಕೆ ಕ್ಷಮೆ ಕೋರುವ ತಮ್ಮ ಹಳೆಯ ರೋಗಿ,
ಅಲ್ಮಾಸ
ನಂದಗಡ, ಖಾನಾಪುರ ತಾಲ್ಲೂಕು