ಕಾಗೆ ಹಾರಿಹೋದ ಮನೆ

೧೦ ಜುಲೈ ೧೯೭೮

ನಳ ಇಂದೂ ಬೇಗ ನಿಂತಿತು. ಅತ್ತಿಗೆ ಮುಖ ಊದಿಸಿಕೊಂಡೇ ಚಹಾ ಕೊಟ್ಟಳು. ನಾಲ್ಕನೇ ಇಯತ್ತೆಗೆ ‘ಸ್ವಂತ’ ಶಬ್ದ ಬಳಸಿ ವಾಕ್ಯ ಬರೆಯಲು ಹೇಳಿದ್ದೆ. ‘ನಮಗೆ ಸ್ವಂತ ಸಂಡಾಸ ಇಲ್ಲ’ ಅಂತ ಒಬ್ಬಳು. ವ್ಯಾಕರಣ ಸರಿಯಿದೆ. ಪೂರ್ತಿ ಮಾರ್ಕ್ಸ್ ಕೊಟ್ಟೆ. ಬೋರ್ಡಿಗೆ ಬರೆಯುವ ಖಡುವಿನ ತುಂಡಿಗೂ ಲೆಕ್ಕ ಕೇಳುವ ನಮ್ಮ ಹೆಡ್‌ಮಾಸ್ತರ ಗುರಲಿಂಗಪ್ಪನವರಾಗಿದ್ದರೆ ಅರ್ಧ ಕತ್ತರಿಸುತ್ತಿದ್ದರು.

ಊಟಕ್ಕೆ ಕೂತಾಗ ಅಣ್ಣ ಬಾಯಿ ಬಿಟ್ಟ. ಮಗನ ಲಗ್ನ ದೀಪಾವಳಿ ಆದ ಮೇಲೆ.

“ಇರೂದು ಒಂದ ಖೋಲಿ, ತಂಗಿ. ಸೊಸಿ ಬಂದ್ರ ನೀನೂ ಅವ್ವನೂ ಎಲ್ಲಿ ಮಲಗ್ತೀರಿ? ನೀನ ವಿಚಾರ ಮಾಡು.”

ತಪ್ಪೇನು ಹೇಳಿದ? ಗಂಡ ತೀರಿಕೊಂಡ ವರ್ಷ ವಿಜಾಪುರದಿಂದ ಗ್ರಾಂಟ್ ರೋಡಿನ ಈ ಚಾಳಿಗೆ ಬಂದವಳು. ಮುನಸಿಪಾಲ್ಟಿ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಬಾಯಿ ಆದೆ. ಕೂದಲು ನರೆಯುವವರೆಗೂ ಇದೇ ಪರದೆಯ ಹಿಂದೆ ಮಲಗಿದೆ. ಆದರೂ, ಪಗಾರದ ಅರ್ಧ ಪ್ರತಿ ತಿಂಗಳೂ ಅಣ್ಣ ಅಣವೀರಪ್ಪನ ಕೈಗೇ ಇಟ್ಟಿದ್ದೇನೆ...

೧೯ ಜುಲೈ

ಸ್ಟಾಫ್ ರೂಮಿನಲ್ಲಿ ಇವತ್ತು ಒಂದೇ ಮಾತು. ಮನೆ ಕೊಳ್ಳಲೆಂದೇ ಸಾಲ ಕೊಡುವ ಕಂಪನಿ ಬಂದಿದೆಯಂತೆ, ಫೋರ್ಟಿನಲ್ಲಿ. ಪಗಾರದವರಿಗೆ. ಹದಿನೈದು ವರ್ಷ ಕಂತು; ಇನ್ನೂ ಕಟ್ಟುತ್ತಿರುವ ಮನೆಗೂ. ಸಂಜೆ ಅವ್ವನಿಗೆ ಹೇಳಿದೆ.

“ಅಡವಿಡಾಕ ಏನೈತಿ ನಿನ್ನ ಹತ್ರ?”

“ಆ ಮನೀನ ಅಡವು.”

“ಇನ್ನೂ ಕಟ್ಟದ ಮನಿ?”

“ಹೂಂ.”

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಅವ್ರಿಗೇನ ತಲಿ ಕೆಟ್ಟೈತೇನ?”

ನನಗೂ ಹಾಗೇ ಅನಿಸಿತ್ತು. ಇಲ್ಲದ ಮನೆಯನ್ನು ಅಡವಿಟ್ಟು ಅದೇ ಮನೆಯನ್ನು ಕೊಳ್ಳುವುದು! ಹಿಂದುಮುಂದು ತಿರುಗಿಸಿ ನೋಡಿದೆ. ಎಲ್ಲೂ ತಪ್ಪಿಲ್ಲ. ಎಂಥ ತಲೆ ಓಡಿಸಿದ್ದಾರೆ ಮಾರಾಯರು.

೬ ಆಗಸ್ಟ್, ರವಿವಾರ

ಕೊಳ್ಳಬೇಕೆಂದಿರುವ ಮನೆ ನೋಡಲು ಅವ್ವನನ್ನು ಕರೆದುಕೊಂಡು ದಹಿಸರ್‌ಗೆ ಹೋಗಿಬಂದೆ. ಸ್ಟೇಷನ್ ದಾಟಿದರೆ ಗದ್ದೆ, ಕೆಸರು, ಎಮ್ಮೆ. ಬಿಲ್ಡಿಂಗ್ ಅಂದರೆ ಸದ್ಯ ಕಂಬಗಳು, ಒಂದು ಸ್ಲ್ಯಾಬು. ನಮ್ಮದು ಎರಡನೇ ಮಾಳಿಗೆ. ಒಂದು ಖೋಲಿ, ಅಡುಗೆಮನೆ, ಒಳಗೇ ಸಂಡಾಸು. ಸೈಟಿನ ಸುಪರ್‌ವೈಜರ್ ಕೆಳಗೇ ನಿಂತು ಬೆರಳು ಮೇಲೆತ್ತಿದ — “ವೋ ದೇಖೋ ಬಾಯಿ, ಆಪ್‌ಕಾ ಘರ್.”

ನಮ್ಮ ಮನೆ ಅಂತ ತೋರಿಸಿದಲ್ಲಿ ಬರೀ ಆಕಾಶ. ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

“ಇಂದ್ರಾ, ನಮ್ಮ ಮನ್ಯಾಗಿಂದ ಕಾಗಿ ಹಾರಿ ಹೋತ ನೋಡ!”

ನಕ್ಕು ನಕ್ಕು ಸಾಕಾಯಿತು. ಆಮೇಲೆ ಹೊಳೆಯಿತು. ಕಾಗೆ ಹೋದ ಜಾಗದಲ್ಲಿ ನಾನು ಹಾಸಿಗೆ ಹಾಸುತ್ತೇನೆ? ನಾನು?

೨೫ ಆಗಸ್ಟ್

ಇಂಟರ್‌ವ್ಯೂ. ಸಾಲದ ಕಂಪನಿಯ ತಣ್ಣಗಿನ ಕೋಣೆ. ಟೈ ಕಟ್ಟಿದ ಸಾಹೇಬ, ನನ್ನ ಹಳೆಯ ವಿದ್ಯಾರ್ಥಿಗಳ ವಯಸ್ಸು. ಕುರ್ಚಿ ತೋರಿಸಿ ಮರಾಠಿಯಲ್ಲಿ “ಬಸಾ, ಬಾಯಿ” ಅಂದ. ಎಲ್ಲ ನೆಟ್ಟಗೇ ನಡೆದಿತ್ತು. ಪಗಾರ ಚೀಟಿಯ ಒಂದು ಸಾಲಿನ ಮೇಲೆ ಪೆನ್ಸಿಲ್ ನಿಲ್ಲಿಸಿದ. “ಈ ಕಟಾವಣೆ ಯಾವುದು?”

ಹೇಳಲೇಬೇಕಾಯಿತು. ಡ್ರಾಯಿಂಗ್ ಮಾಸ್ತರ ಕಾಶಪ್ಪ ಶಿಕ್ಷಕರ ಸೊಸೈಟಿಯಲ್ಲಿ ಸಾಲ ತೆಗೆದ, ನಾನು ಜಾಮೀನು ನಿಂತೆ, ಅವನು ನೌಕರಿ ಬಿಟ್ಟು ಎತ್ತಲೋ ಹೋದ. ಮೂರು ವರ್ಷದಿಂದ ಅವನ ಕಂತು ನನ್ನ ಪಗಾರದಲ್ಲಿ ಹೋಗುತ್ತಿದೆ. ಮಾರ್ಚಿಗೆ ಮುಗಿಯುತ್ತದೆ.

ಸಾಹೇಬ ಪೆನ್ಸಿಲ್ ಕೆಳಗಿಟ್ಟ. ಸೊಸೈಟಿಯ ಪುಸ್ತಕದಲ್ಲಿ ನನ್ನ ಹೆಸರೇ ಬಾಕಿದಾರರ ಜೊತೆಗಿದೆಯಂತೆ. “ಇದು ಗೊತ್ತಿದ್ದೂ ನಿಮಗೆ ಜಾಮೀನು ನಿಲ್ಲಲು ಒಪ್ಪುವ ಪಗಾರದವರು ಒಬ್ಬರು ಬೇಕು. ಇಲ್ಲದಿದ್ದರೆ ಕಷ್ಟ.”

ಒಂದು ಮಾತು ಬರೆದಿಡಬೇಕು. ಅವನು ನನ್ನ ವಯಸ್ಸು ಕೇಳಿದ. ನಲವತ್ತೊಂದು. ಕೆಳಗೆ ಹದಿನೈದು ಬರೆದು ಕೂಡಿಸಿದ. ಐವತ್ತಾರು. “ರಿಟಾಯರ್ ಆಗುವ ಮೊದಲೇ ತೀರುತ್ತದೆ” ಅಂದ, ಬಹಳ ಸಹಜವಾಗಿ. ಗಂಡ ಸತ್ತ ದಿನದಿಂದ ಎಲ್ಲರೂ ನನ್ನದು ಮುಗಿಯಿತು ಅಂತಲೇ ಮಾತಾಡಿದ್ದರು. ಇವನು ಯಾರೋ, ನನಗೆ ಹದಿನೈದು ವರ್ಷ ಬರೆದುಕೊಟ್ಟ.

೨೬ ಆಗಸ್ಟ್

ಅಣ್ಣನನ್ನು ಕೇಳಿದೆ.

“ಒಮ್ಮೆ ಸಹಿ ಹಾಕಿ ನೀ ಏನ ಉಂಡಿ, ನಾ ನೋಡಿಲ್ಲೇನ? ನಾ ಹಾಕಂಗಿಲ್ಲ. ಮ್ಯಾಲ ಇಬ್ರ ಹೆಣ್ಣಮಕ್ಳು ಆ ಕೆಸರಾಗ ಹೋಗಿ ಮನಿ ಮಾಡೂದು... ನಾ ಅಲ್ಲಿ ಕಾಲೂ ಇಡಾಂವಲ್ಲ.”

ಅವ್ವ ಪರದೆ ಎಳೆದುಕೊಂಡು ಮಲಗಿಬಿಟ್ಟಳು. ಊಟ ಮಾಡಲಿಲ್ಲ.

೨೦ ಸೆಪ್ಟೆಂಬರ್

ಹೆಡ್‌ಮಾಸ್ತರು ಕರೆಸಿದರು. ಖಡುವಿನ ತಕರಾರೇ ಇರಬೇಕು ಅಂದುಕೊಂಡು ಉತ್ತರ ಜೋಡಿಸಿಕೊಂಡೇ ಹೋದೆ.

“ಬಾಯಾರ, ಆ ಜಾಮೀನ ಕಾಗದಾ ತರ್ರಿ.”

ಅರ್ಥವಾಗಲಿಲ್ಲ. ಸ್ಟಾಫ್ ರೂಮಿನ ಮಾತು ಅವರ ಕಿವಿಗೂ ಬಿದ್ದಿತ್ತು.

“ಸರ್, ನನ್ನ ಹೆಸರು ಸೊಸೈಟ್ಯಾಗ...”

“ಪಗಾರ ಪಟ್ಟಿ ಬರ್ಯಾಂವ ನಾನರಿ. ಕಾಶಪ್ಪನ ಕಂತು ತಿಂಗಳಾ ನಿಮ್ಮ ಹೆಸರಿನ ಮುಂದ ಬರೀವಾಗ ನನಗ ನಾಚಿಕಿ ಬರತಿತ್ತು. ಓಡಿ ಹೋದಾಂವನ ಸಾಲಾ ಒಂದ ಮಾತ ಆಡದಂಗ ಕಟ್ಟಿದವ್ರು ತಮ್ಮದು ಬಿಡ್ತಾರೇನ?”

ಸಹಿ ಹಾಕಿದರು. ಒಂದೊಂದಕ್ಷರವೂ ದುಂಡಗೆ. ಶಾಯಿ ಒರೆಸಿದರು. ನಾನು ಬಾಗಿಲವರೆಗೆ ಬಂದಿದ್ದೆ, “ನಾಲ್ಕನೇ ಇಯತ್ತೆಗೆ ಈ ವಾರ ಖಡು ಭಾಳ ಖರ್ಚಾಗೈತಿ” ಅಂದರು.

ಮೂರು ವರ್ಷ ಆ ಕಟಾವಣೆಯನ್ನು ನನ್ನ ಪೆದ್ದತನ ಅಂತ ಯಾರಿಗೂ ತೋರಿಸದೆ ಮಡಿಚಿಟ್ಟಿದ್ದೆ. ಒಬ್ಬರು ಅದನ್ನು ಓದುತ್ತಲೇ ಇದ್ದರು.

೧೧ ಅಕ್ಟೋಬರ್

ಸಾಲ ಮಂಜೂರು. ಕಾಗದ ಬಂತು. ಅವ್ವನಿಗೆ ಮೂರು ಸಲ ಓದಿ ಹೇಳಿದೆ. ಅವಳು ಇಂಗ್ಲಿಷಿನಲ್ಲೇ ಇನ್ನೊಮ್ಮೆ ಓದು ಅಂದಳು.

೪ ಡಿಸೆಂಬರ್

ಲಗ್ನ ಮುಗಿಯಿತು. ನಾನೂ ಅವ್ವನೂ ಬಾಗಿಲ ಹೊರಗೆ ಗ್ಯಾಲರಿಯಲ್ಲಿ ಮಲಗುತ್ತಿದ್ದೇವೆ. ಈ ಚಾಳಿನಲ್ಲಿ ಬಾಗಿಲು ಬಡಿಯುವ ರೂಢಿಯೇ ಇಲ್ಲ. ಎಲ್ಲರದೂ ಸದಾ ತೆರೆದೇ ಇರುತ್ತದೆ. ಸೊಸೆ ಬಂದ ಮೇಲೆ ನಮ್ಮದು ಮುಚ್ಚತೊಡಗಿತು. ಬೆಳಗ್ಗೆ ನಳ ಬಂತು, ಕೊಡ ಒಳಗೆ. ಬಡಿಯಲೇ ಅಂತ ಕೈ ಎತ್ತಿದೆ. ಬಡಿಯಲಿಲ್ಲ.

ಅವ್ವ ಚಾದರದೊಳಗಿಂದ — “ಅಲ್ಲಿ ಈಗ ಎಷ್ಟ ಎತ್ತರ ಬಂದೀತು?”

೧೭ ಜೂನ್ ೧೯೭೯, ರವಿವಾರ, ಸಂಜೆ

ದಹಿಸರ್. ಎರಡನೇ ಮಾಳಿಗೆ. ನನ್ನ ಮನೆಯ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಸುಣ್ಣ ಇನ್ನೂ ಕೈಗೆ ಹತ್ತುತ್ತಿದೆ. ಅವ್ವ ಗೋಡೆಗಳನ್ನೆಲ್ಲ ಮುಟ್ಟಿ ನೋಡಿದಳು. ನಡುಮನೆಯಲ್ಲಿ ನಿಂತು, “ಇಲ್ಲೇ ಅಲ್ಲೇನ ಆ ಕಾಗಿ ಹೋಗಿದ್ದು?” ಇಲ್ಲೇ. ಈ ಗಾಳಿಯಲ್ಲೇ. ನಂಬಲಾಗುತ್ತಿಲ್ಲ.

ಬಾಗಿಲು ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. “ಮುರದೀತು, ಬಿಡ” ಅಂತ ಅವ್ವ ಬೈದಳು. ಅಡುಗೆಮನೆಯಲ್ಲಿ ಹಾಲು ಉಕ್ಕಿಸಲು ಕೂತಿದ್ದಾಳೆ. ಅಣ್ಣನಿಗೆ ಹೇಳಿಕಳಿಸಿದ್ದೆ. ಅತ್ತಿಗೆಗೂ. ಬರುವುದಿಲ್ಲ, ಗೊತ್ತು...

ಯಾರೋ ಬಡಿದರು. ಯಾರ ಬಾಗಿಲು ಅಂತ ತಿಳಿಯದೆ ಸುಮ್ಮನೆ ಕೂತೆ. ಒಳಗಿಂದ ಅವ್ವ — “ಏ ಇಂದ್ರಾ, ನಿನ್ನ ಬಾಗಲಾನ ಬಡ್ಯಾಕತ್ತಾರ!”

ಮತ್ತೆ ಬಡಿದರು. ಮೆಲ್ಲಗೆ.

“ತಂಗೀ... ನಾನು, ಅಣ್ಣ. ಒಳಗ ಬರ್ಲೇನು?”

ಬರಲೇ ಅಂತ ಕೇಳುತ್ತಿದ್ದಾನೆ. ಅಣ್ಣ. ನನ್ನನ್ನು —