ಹಗ್ಗದ ಆಚೆಗಿರಬೇಕಾದ ಅಮ್ಮನಿಗೆ

ಭಾನುವಾರ ಸಂಜೆ

ನನ್ನ ಮೊಂಡು ಅಮ್ಮನಿಗೆ,

ಫೋನಿನಲ್ಲಿ ಹೇಳಿದರೆ ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದವನ್ನು ತಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಓದಿ ಮುಗಿಸುವವರೆಗೆ ಅಲ್ಲಿಂದ ಅಲ್ಲಾಡಕೂಡದೆಂದು ಅವನಿಗೆ ತಾಕೀತು ಮಾಡಿದ್ದೇನೆ.

ನಮ್ಮ ಮನೆಯ ಹಿಂದಿನ ಬೀದಿಯಲ್ಲಿ, ಹೋದ ವಾರ ಬಾಂಬು ಸಿಕ್ಕ ಅದೇ ಪಾಯದ ಗುಂಡಿಯಲ್ಲಿ, ಹಳೇ ಯುದ್ಧದ ಇನ್ನೊಂದು ಬಾಂಬು ಸಿಕ್ಕಿದೆ. ನಾಳೆ ಬೆಳಿಗ್ಗೆ ಅದನ್ನು ನಿಷ್ಕ್ರಿಯಗೊಳಿಸುವ ಸರದಿಯೂ ನನ್ನದೇ. ಬೀದಿಗೆ ಹಗ್ಗ ಕಟ್ಟಿ, ಎಲ್ಲರನ್ನೂ ಬಸ್ಸಿನಲ್ಲಿ ಶಾಲೆಗೆ ಕರೆದೊಯ್ಯುತ್ತಾರೆ. ಈ ಸಲ ನೀನೂ ಹತ್ತಬೇಕು.

ಹೋದ ವಾರ ಬಚ್ಚಲುಮನೆಯ ಚಿಲಕ ಸಿಕ್ಕಿಹಾಕಿಕೊಂಡಿತು ಎಂದೆಯಲ್ಲ, ಅದನ್ನು ಅಪ್ಪ ನಂಬಿದರು, ಪಕ್ಕದ ಮನೆಯ ಟೈಲರೂ ನಂಬಿದರು. ಆದರೆ ಚಿಲಕ ಸಿಕ್ಕಿಹಾಕಿಕೊಂಡವರು ಕೂರಲು ಸ್ಟೂಲು, ಹೆಣೆಯಲು ಉಣ್ಣೆ ನೂಲು ಎಲ್ಲ ಒಳಗೆ ಇಟ್ಟುಕೊಂಡಿರುತ್ತಾರೆಯೇ? ಬಾಗಿಲು ತೆಗೆಸಿದ ನಮ್ಮ ಸಾಹೇಬರು ನೀನು ಕೇಳಿದ್ದನ್ನು ನನಗೆ ಹೇಳಿದ್ದಾರೆ. "ನಾನು ಒಳಗಿರೋ ತನಕ ಅವಳು ಅದನ್ನ ಮುಟ್ಟೋ ಹಾಗಿಲ್ಲ, ಅಲ್ವಾ?"

ಹೌದಮ್ಮ, ಹಗ್ಗದೊಳಗೆ ಒಬ್ಬರಿದ್ದರೂ ಬಾಂಬು ಮುಟ್ಟಬಾರದು, ನಿಯಮ ಅದೇ. ಊಟಕ್ಕೆ ಕೂತಾಗ ಜಂಬದಿಂದ ಹೇಳಿಕೊಟ್ಟವಳೂ ನಾನೇ. ಆದರೆ ಕೆಲಸ ನಿಂತಿತೆಂದು ನನಗೆ ಗುಂಡಿ ಬಿಟ್ಟು ಬರಲಾಗಲಿಲ್ಲ. ಶಾಲೆಯಲ್ಲಿ ಹಾಜರಿ ಕರೆದಾಗ ಒಬ್ಬರು ಕಡಿಮೆ ಬಿದ್ದರು. ನಿನ್ನನ್ನು ಹುಡುಕುವಷ್ಟು ಹೊತ್ತೂ ಮಣ್ಣು ಕುಸಿಯದಂತೆ ಹಲಗೆ ಒತ್ತಿ ಹಿಡಿದು ಅದರ ಪಕ್ಕದಲ್ಲೇ ಕೂತಿದ್ದೆ. ಕಾಣದವಳು ನೀನೆಂದು ವೈರ್‌ಲೆಸ್ಸಿನಲ್ಲಿ ಕೇಳಿದ ಮೇಲಂತೂ ಹಲಗೆ ಹಿಡಿದೇ ಮತ್ತೆ ಮತ್ತೆ ನಮ್ಮ ಮನೆಯ ದಿಕ್ಕಿಗೆ ತಿರುಗುತ್ತಿದ್ದೆ. ನೀನು ಬಸ್ಸು ಹತ್ತಿದೆ ಎಂದು ತಿಳಿದ ಮೇಲೆಯೇ ಗಮನವಿಟ್ಟು ಕೆಲಸ ಮುಗಿಸಿದ್ದು.

ಬೈಯುತ್ತಿಲ್ಲ. ಇಷ್ಟು ಪ್ರೀತಿಗೆ ಯಾರಾದರೂ ಬೈಯುತ್ತಾರೆಯೇ? ಸಾಹೇಬರು ಹೇಳಿದಾಗ ನಗು ಬಂತು. ನಾಳೆ ಶಾಲೆಯ ಮುಂದಿನ ಬೆಂಚಿನಲ್ಲೇ ಕೂತು ಹಾಜರಿಗೆ ಗಟ್ಟಿಯಾಗಿ ಓಗೊಡು. ನೀನು ದೂರ ಇದ್ದೀಯ ಅನ್ನುವುದೇ ನನ್ನ ಧೈರ್ಯ. ಆ ಸ್ವೆಟರನ್ನು ಅಲ್ಲೇ ಕೂತು ಹೆಣೆ. ಈ ಸಲವಾದರೂ ಎರಡು ತೋಳೂ ಒಂದೇ ಉದ್ದ ಇರಲಿ.

ನಿನ್ನ ಜೀವ ತಿನ್ನುವ ಮಗಳು,
ಪುಟ್ಟಿ

ವಿ.ಸೂ.: ಅಪ್ಪನಿಗೆ ಓದಿ ಹೇಳುವಾಗ ಇದೊಂದನ್ನು ಬಿಟ್ಟುಬಿಡು. ಅವತ್ತು ಕೆಲಸ ನಿಲ್ಲಿಸಿ ಎಂಬ ಮಾತು ಕೇಳಿದಾಗ, ಒಳಗಿರುವವಳು ನೀನೆಂದು ತಿಳಿಯುವ ಮೊದಲು, ಒಂದು ಗಳಿಗೆ ನನಗೆ ಎಷ್ಟು ಹಾಯೆನಿಸಿತು ಗೊತ್ತೇ? ನನಗೂ ಭಯ ಆಗುತ್ತದೆ, ಅಮ್ಮ. ನೀನು ಒಳಗೆ ಉಳಿದರೆ ನನಗೂ ಒಂದು ನೆಪ ಸಿಕ್ಕಿಬಿಡುತ್ತದೆ. ಬಸ್ಸು ಹತ್ತು.